ದಿನಕ್ಕೊಂದು ತಾಸು ಕೌದಿಗೆ ಕೊಡಿ

ಬಿ.ಇ. ಓದುವ ಹುಡುಗ ಸೂಜಿ-ದಾರ ಹಿಡಿದು ಕೂತರೆ ನೋಡಿದವರು ಕೇಳುವ ಪ್ರಶ್ನೆಗಳು ಮೂರೇ. ‘ಅಂಗಿ ಗುಂಡಿ ಕಿತ್ತೈತೇನೋ?’, ‘ಹೆಂಗಸರ ಕೆಲಸ ನಿನಗ್ಯಾಕ?’, ‘ಇದರಿಂದ ರೊಕ್ಕ ಎಷ್ಟು ಬರ್ತೈತಿ?’

ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷದ ವಿದ್ಯಾರ್ಥಿ. ಎರಡು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಕೌದಿ ಹೊಲಿಯುತ್ತೇನೆ. ಕಲಿಸಿದ್ದು ಅಜ್ಜಿ. ಮೊದಲ ಪ್ರಶ್ನೆಗೆ ನಕ್ಕು ಸುಮ್ಮನಾಗುತ್ತೇನೆ. ಉಳಿದೆರಡಕ್ಕೆ ಮಾತ್ರ ಉತ್ತರ ಕೊಡಲೇಬೇಕು ಅನ್ನಿಸುತ್ತದೆ. ಯಾಕೆಂದರೆ ನಮ್ಮ ವಯಸ್ಸಿನ ಎಷ್ಟೋ ಕೈಗಳು ಮೊಬೈಲ್ ಬಿಟ್ಟು ಬೇರೇನನ್ನೂ ಹಿಡಿಯದಂತೆ ಮಾಡಿರುವುದು ಈ ಎರಡು ಪ್ರಶ್ನೆಗಳೇ.

ನನ್ನ ಅಭಿಪ್ರಾಯ ಇಷ್ಟು: ಪ್ರೀತಿಪಾತ್ರರಿಗೆ ಮತ್ತು ನಮ್ಮ ಮುಖಪರಿಚಯವೂ ಇಲ್ಲದ ಕಷ್ಟದಲ್ಲಿರುವವರಿಗೆ ಕೈಯಾರೆ ಏನಾದರೂ ಹೊಲಿದು ಕೊಡುವುದು ಕಾಲಹರಣ ಅಲ್ಲ. ಇಂಟರ್ನಲ್ಸ್, ಆಪ್ಟಿಟ್ಯೂಡ್ ಟೆಸ್ಟ್, ಸ್ಪರ್ಧಾತ್ಮಕ ಪರೀಕ್ಷೆಗಳ ನಡುವೆಯೂ ಅದಕ್ಕೊಂದು ತಾಸು ಕೊಡಬಹುದು, ಕೊಡಬೇಕು.

ಹಳೆ ಸೀರೆಯ ಎಂಜಿನಿಯರಿಂಗ್

ಬೆಂಗಳೂರು, ಮೈಸೂರು ಕಡೆಯ ಗೆಳೆಯರಲ್ಲಿ ಕೆಲವರಿಗೆ ಕೌದಿ ಎಂದರೆ ಏನೆಂದೇ ಗೊತ್ತಿರುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ, ಧೋತರ, ಹರಿದ ಅಂಗಿ ಇವನ್ನೆಲ್ಲ ಒಗೆದು, ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಸಾಲು ಸಾಲಾಗಿ ಹೊಲಿಗೆ ಹಾಕಿದರೆ ಅದೇ ಕೌದಿ. ಹಾಸಲೂ ಆಯಿತು, ಹೊದೆಯಲೂ ಆಯಿತು. ಮಹಾರಾಷ್ಟ್ರದಲ್ಲಿ ಇದರ ಅಕ್ಕ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯಂತೂ ದೇಶದಾಚೆಗೂ ಹೆಸರು ಮಾಡಿದೆ. ಆಫ್ರಿಕಾ ಮೂಲದ ಈ ಸಮುದಾಯದವರು ಅಂಚಿನಿಂದ ಹೊಲಿಯಲು ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವಿನಂಥ ತುಂಡು ಇಡುತ್ತಾರೆ. ಆ ಹೂವು ಇಲ್ಲದಿದ್ದರೆ ಕೌದಿ ಪೂರ್ತಿಯಾದಂತಲ್ಲ.

ಚಿಂದಿ ಬಟ್ಟೆ ಅಂತ ಮೂಗು ಮುರಿಯುವ ಮುನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ವಲ್ಪ ಯೋಚಿಸಬೇಕು. ಹೀಟ್ ಟ್ರಾನ್ಸ್‌ಫರ್ ಪಾಠದಲ್ಲಿ ನಾವು ಓದುವ ನಿಂತ ಗಾಳಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್. ಅಂದರೆ ಗಾಳಿ ಅಲುಗಾಡದೆ ನಿಂತರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಕೌದಿಯ ಪದರಗಳ ನಡುವೆ ಸಿಕ್ಕಿಬಿದ್ದಿರುವುದು ಆ ಗಾಳಿಯೇ. ಒತ್ತೊತ್ತಾದ ಹೊಲಿಗೆಸಾಲು ಪದರಗಳನ್ನು ಜಾರದಂತೆ ಹಿಡಿದಿಡುತ್ತದೆ. ಒಂದು ಕಡೆ ದಾರ ಕಿತ್ತರೂ ಪಕ್ಕದ ಸಾಲುಗಳು ಭಾರ ಹಂಚಿಕೊಳ್ಳುತ್ತವೆ, ಕೌದಿ ಬಿಚ್ಚಿಕೊಳ್ಳುವುದಿಲ್ಲ. ಕಾಂಪೊಸಿಟ್ ಮೆಟೀರಿಯಲ್ಸ್ ಎಂದು ನಾವು ಪರೀಕ್ಷೆಯಲ್ಲಿ ಎರಡು ಪುಟ ಬರೆಯುವ ತತ್ವವನ್ನು ನಮ್ಮ ಅಜ್ಜಿಯರು ಓದು ಬರಹ ಇಲ್ಲದೆಯೇ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು.

ಹತ್ತು ಸಾವಿರ ಹೊಲಿಗೆಯ ಲೆಕ್ಕ

ಕೈಕೆಲಸದ ಬೆಲೆ ಗೊತ್ತಾಗಬೇಕಾದರೆ ಒಂದನ್ನಾದರೂ ಕೈಯಲ್ಲಿ ಮಾಡಿ ನೋಡಬೇಕು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ ಎಂದುಕೊಳ್ಳಿ. ಇಂಚಿಗೊಂದು ಸಾಲು ಹಾಕಿದರೂ 48 ಸಾಲು. ಒಟ್ಟು 288 ಅಡಿ, ಅಂದರೆ ಸುಮಾರು 88 ಮೀಟರ್ ಹೊಲಿಗೆ. ಇಂಚಿಗೆ ಮೂರರಂತೆ ಹಿಡಿದರೆ ಹತ್ತು ಸಾವಿರಕ್ಕೂ ಹೆಚ್ಚು ಸಲ ಸೂಜಿ ಒಳಗೆ ಹೋಗಿ ಹೊರಗೆ ಬರಬೇಕು. ನನ್ನ ವೇಗ ನಿಮಿಷಕ್ಕೆ ಹತ್ತು. ಬರೀ ಹೊಲಿಗೆಗೇ 17 ತಾಸು ಬೇಕು. ಬಟ್ಟೆ ಒಗೆಯುವುದು, ಕತ್ತರಿಸುವುದು, ಹಾಸಿ ಜೋಡಿಸುವುದು ಸೇರಿದರೆ 20 ತಾಸು, ಅಂದರೆ ಎರಡೂವರೆ ದಿನದ ದುಡಿಮೆ.

ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ಬರುತ್ತಾರೆ. ಮನೆ ಮುಂದಿನ ಕಟ್ಟೆ ಮೇಲೆ ಕೂತು, ನಾವು ಕೊಟ್ಟ ಹಳೆ ಬಟ್ಟೆಯಲ್ಲೇ ಕೌದಿ ಮಾಡಿಕೊಡುತ್ತಾರೆ. ಅವರೊಂದಿಗೆ ಐನೂರು ರೂಪಾಯಿಗೆ ಚೌಕಾಸಿ ಮಾಡುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. 2025-26ರಲ್ಲಿ ಉದ್ಯೋಗ ಖಾತ್ರಿ ಯೋಜನೆಯಡಿ ನಮ್ಮ ರಾಜ್ಯಕ್ಕೆ ನಿಗದಿಯಾದ ದಿನಗೂಲಿಯೇ 370 ರೂಪಾಯಿ. ಆ ಲೆಕ್ಕದಲ್ಲೇ ಎರಡೂವರೆ ದಿನಕ್ಕೆ 925 ರೂಪಾಯಿ ಆಗಬೇಕು. ಅವರ ಕೈ ನನ್ನ ಕೈಗಿಂತ ಚುರುಕು, ನಿಜ. ಆದರೆ ಆ ಚುರುಕುತನ ಬಂದಿದ್ದು ಹತ್ತಾರು ವರ್ಷದ ಅನುಭವದಿಂದ. ಸಾಫ್ಟ್‌ವೇರ್ ಕಂಪನಿಯಲ್ಲಿ ಅನುಭವ ಇದ್ದವರಿಗೆ ಸಂಬಳ ಜಾಸ್ತಿ ಕೊಡುತ್ತಾರೆ, ಕೌದಿ ಹೊಲಿಯುವವಳಿಗೆ ‘ಬೇಗ ಮುಗಿಸಿದಿ’ ಅಂತ ಕಡಿಮೆ ಕೊಡುತ್ತೇವೆ. ಇದ್ಯಾವ ನ್ಯಾಯ?

ನಾನು ಹೊಲಿಯುವುದು ಮಾರಲಿಕ್ಕಲ್ಲ. ಕೊಳ್ಳುವವರು ಬಂದರೆ ಆ ಹೆಣ್ಣುಮಕ್ಕಳ ಕಡೆ ಕಳಿಸುತ್ತೇನೆ. ಹವ್ಯಾಸಕ್ಕೆ ಹೊಲಿಯುವ ನಾವು ಹೊಟ್ಟೆಪಾಡಿಗೆ ಹೊಲಿಯುವವರ ಗಿರಾಕಿ ಕಸಿಯಬಾರದು ಎನ್ನುವುದು ನಮ್ಮ ಹಾಸ್ಟೆಲ್ ಗುಂಪಿನ ನಿಯಮ.

ಹೆಂಗಸರ ಕೆಲಸ ಅಂದರೆ ಯಾವುದು?

ಈಗ ಎರಡನೇ ಪ್ರಶ್ನೆ. ಯಾವ ಊರಿನ ಪೇಟೆಗೆ ಹೋದರೂ ಟೇಲರ್ ಅಂಗಡಿಯಲ್ಲಿ ಕೂತವರು ಬಹುಪಾಲು ಗಂಡಸರೇ. ಚಪ್ಪಲಿ ಹೊಲಿಯುವವರು, ಗಾದಿ ಹೊಲಿಯುವವರು, ಬಸ್ಸಿನ ಸೀಟು ಹೊಲಿಯುವವರು ಗಂಡಸರು. ಆಪರೇಷನ್ ಥಿಯೇಟರಿನಲ್ಲಿ ಹೊಲಿಗೆ ಹಾಕುವ ಗಂಡು ಸರ್ಜನ್‌ಗೆ ಯಾರೂ ‘ಇದೇನ್ರಿ ಹೆಂಗಸರ ಕೆಲಸ’ ಎನ್ನುವುದಿಲ್ಲ. ಅಂದರೆ ಸೂಜಿಯಿಂದ ದುಡ್ಡು ಹುಟ್ಟಿದರೆ ಅದು ಗಂಡಸರ ಕಸುಬು, ಮನೆಮಂದಿಗಾಗಿ ಪುಕ್ಕಟೆ ಮಾಡಿದರೆ ಹೆಂಗಸರ ಕೆಲಸ. ಇಲ್ಲಿ ಭೇದ ಸೂಜಿಯದ್ದಲ್ಲ, ಸಂಬಳದ್ದು.

ಇನ್ನೊಂದು ಮಾತು. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟವರ ಪೋಷಾಕು ಸಿದ್ಧವಾಗಿದ್ದು ಅಮೆರಿಕದ ಡೆಲವೇರ್‌ನಲ್ಲಿ, ಹೆಂಗಸರ ಒಳಉಡುಪು ತಯಾರಿಸುತ್ತಿದ್ದ ಕಂಪನಿಯೊಂದರ ಹೊಲಿಗೆ ವಿಭಾಗದಲ್ಲಿ. ಪದರದ ಮೇಲೆ ಪದರ ಇಟ್ಟು ಹೊಲಿದವರು ಅಲ್ಲಿನ ಹೆಣ್ಣುಮಕ್ಕಳು. ಒಂದು ಹೊಲಿಗೆ ತಪ್ಪಿದರೂ ಒಳಗಿದ್ದವರ ಪ್ರಾಣ ಹೋಗುತ್ತಿತ್ತು. ರಾಕೆಟ್ ಕಟ್ಟಿದವರ ಹೆಸರು ನಮ್ಮ ಜಿ.ಕೆ. ಪುಸ್ತಕದಲ್ಲಿದೆ, ಹೊಲಿದವರದ್ದಿಲ್ಲ. ಯಾವ ಕೆಲಸ ದೊಡ್ಡದು, ಯಾವುದು ಸಣ್ಣದು ಎಂದು ನಾವೇ ನಿರ್ಧರಿಸಿಬಿಟ್ಟಿರುವುದಕ್ಕೆ ಇದೊಂದು ಉದಾಹರಣೆ.

ಟ್ರಂಕಿನಲ್ಲಿದ್ದ ಸೀರೆಗಳು

ಉಡುಗೊರೆ ಎಂದರೆ ಈಗ ಆನ್‌ಲೈನ್‌ನಲ್ಲಿ ಆರ್ಡರ್, ಮೇಲೊಂದು ‘ಹ್ಯಾಪಿ ಬರ್ತ್‌ಡೇ’ ಸ್ಟಿಕರ್. ಅದರಲ್ಲಿ ತಪ್ಪೇನಿಲ್ಲ, ನಾನೂ ಕೊಟ್ಟಿದ್ದೇನೆ. ಆದರೆ ಅಂಗಡಿಯಲ್ಲಿ ಸಿಗದ ಉಡುಗೊರೆಯೂ ಇದೆ. ನಮ್ಮ ಕಡೆ ಮನೆಯಲ್ಲಿ ಕೂಸು ಹುಟ್ಟುತ್ತದೆ ಎಂದರೆ ಹಿರಿಯರು ಮೊದಲೇ ಕುಲಾವಿ, ಕುಂಚಿಗೆ, ಸಣ್ಣ ಕೌದಿ ಹೊಲಿದಿಡುತ್ತಾರೆ. ಹೊಸ ಬಟ್ಟೆ ಕೂಸಿನ ಮೈಗೆ ಚುಚ್ಚುತ್ತದೆ. ಅಜ್ಜಿ ಉಟ್ಟ ಸೀರೆ ಚುಚ್ಚುವುದಿಲ್ಲ. ನೂರಾರು ಸಲ ಒಗೆದ ಹತ್ತಿಯ ಮೆತ್ತನೆ ಗುಣ ಯಾವ ಬ್ರ್ಯಾಂಡಿನ ಬಟ್ಟೆಗೂ ಬರದು.

ನನ್ನ ರೂಮ್‌ಮೇಟ್‌ನ ಅವ್ವ ನಾವು ಎರಡನೇ ಸೆಮಿಸ್ಟರಿನಲ್ಲಿದ್ದಾಗ ತೀರಿಕೊಂಡರು. ಅವರ ಸೀರೆಗಳಲ್ಲಿ ಬಂಧುಗಳಿಗೆ ಹಂಚಿ ಉಳಿದವು ಊರಿನ ಮನೆಯ ಟ್ರಂಕಿನಲ್ಲಿದ್ದವು. ಆ ಟ್ರಂಕನ್ನು ಒಂದು ವರ್ಷವಾದರೂ ಯಾರೂ ತೆರೆದಿರಲಿಲ್ಲ. ನಾನು ಹೊಲಿಯುವುದನ್ನು ದಿನಾ ನೋಡುತ್ತಿದ್ದವನು ಒಂದು ಸಲ ಊರಿಂದ ಬರುವಾಗ ಐದು ಸೀರೆ ತಂದು ನನ್ನ ಮಂಚದ ಮೇಲಿಟ್ಟ. ಏನೂ ಹೇಳಲಿಲ್ಲ. ಕತ್ತರಿ ಹಾಕಲು ನನಗೆ ಕೈ ಬರಲಿಲ್ಲ, ಅವನೇ ಹಾಕಿದ. ನಾವು ಐದು ಮಂದಿ ಸೇರಿ ಒಂದೂವರೆ ತಿಂಗಳು ಹೊಲಿದೆವು. ಹೊಲಿಯುತ್ತಾ ಅವನು ಮಾತಾಡತೊಡಗಿದ. ಇದು ಪಂಚಮಿಗೆ ತಂದಿದ್ದು, ಇದು ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಉಟ್ಟಿದ್ದು, ಈ ಕಲೆ ಮಾವಿನಕಾಯಿ ಉಪ್ಪಿನಕಾಯಿದು ಎಂದು. ಒಂದು ವರ್ಷದಲ್ಲಿ ನಾವು ಅವನ ಬಾಯಲ್ಲಿ ಅವ್ವನ ಸುದ್ದಿ ಕೇಳಿದ್ದು ಅದೇ ಮೊದಲು. ಕೌದಿ ಎರಡಾದವು. ಒಂದು ಅವನ ಹಾಸಿಗೆ ಮೇಲಿದೆ, ಇನ್ನೊಂದು ಅವನ ಅಪ್ಪನ ಹತ್ತಿರ. ಇದನ್ನೆಲ್ಲ ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ದುಃಖವನ್ನು ಹೊಲಿಗೆಯಲ್ಲಿ ಹಿಡಿದಿಟ್ಟವರು ನಾವೇ ಮೊದಲಿಗರೇನಲ್ಲ. ಏಡ್ಸ್‌ನಿಂದ ಸತ್ತವರ ನೆನಪಿಗೆ ಅಮೆರಿಕದಲ್ಲಿ ಅವರ ಮನೆಯವರು, ಗೆಳೆಯರು ತಲಾ ಆರು ಅಡಿ ಉದ್ದ, ಮೂರು ಅಡಿ ಅಗಲದ ಬಟ್ಟೆಯ ಮೇಲೆ ಹೆಸರು ಹೊಲಿದರು. ಅದು ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. 1987ರ ಅಕ್ಟೋಬರ್ 11ರಂದು ಅಂಥ 1,920 ತುಂಡುಗಳನ್ನು ಜೋಡಿಸಿ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಮೈದಾನದಲ್ಲಿ ಹಾಸಿದರು. ಆ ರೋಗಿಗಳ ಹೆಸರೆತ್ತಲೂ ಜನ ಹಿಂಜರಿಯುತ್ತಿದ್ದ ಕಾಲ ಅದು. ಇವತ್ತು ಆ ಕೌದಿಯಲ್ಲಿ ಸುಮಾರು 50,000 ತುಂಡುಗಳಿವೆ. ಭಾಷಣ ಮಾಡಲಾಗದ್ದನ್ನು ಬಟ್ಟೆ ಹೇಳಿತು.

ಕೊಡುವ ಮುಂಚೆ ಕೇಳಿ

ದಾನದ ವಿಷಯಕ್ಕೆ ಬಂದರೆ ನಮ್ಮ ಯುವಜನರ ಉತ್ಸಾಹ ದೊಡ್ಡದು, ವಿಚಾರಣೆ ಸಣ್ಣದು. ಎಲ್ಲಾದರೂ ನೆರೆ ಬಂತು ಎಂದರೆ ಕಾಲೇಜಿನಲ್ಲಿ ಡಬ್ಬ ಇಡುತ್ತೇವೆ. ಹರಿದದ್ದು, ಮಾಸಿದ್ದು, ಜಿಪ್ ಕಿತ್ತದ್ದು ಎಲ್ಲವೂ ಅದರಲ್ಲಿ ಬೀಳುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಹೀಗೆ ಬಂದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಅದನ್ನು ವಿಂಗಡಿಸಿ ಬಳಕೆಗೆ ತಂದ ಸಂಸ್ಥೆಗಳಲ್ಲಿ ‘ಗೂಂಜ್’ ಒಂದು. 1999ರಲ್ಲಿ ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಉಡಲಾಗದ ಬಟ್ಟೆಯಿಂದ ಆ ಸಂಸ್ಥೆ ಮುಟ್ಟಿನ ಪ್ಯಾಡ್, ಹಾಸು-ಹೊದಿಕೆ ಮಾಡಿಸುತ್ತದೆ. ತೆಗೆದುಕೊಳ್ಳುವವರಿಗೂ ಮಾನ ಇದೆ ಎನ್ನುವುದು ಅದರ ಕೆಲಸದ ಹಿಂದಿನ ಮೂಲ ವಿಚಾರ.

ಕಳೆದ ಚಳಿಗಾಲದಲ್ಲಿ ನಮ್ಮ ಗುಂಪು ಮುಧೋಳ ಸೀಮೆಯ ಕಬ್ಬಿನ ಗ್ಯಾಂಗ್ ಒಂದರ ಜೋಪಡಿಗಳಿಗೆ ಹೋಗಿತ್ತು. ನಮ್ಮಲ್ಲೊಬ್ಬನ ಊರು ಅಲ್ಲೇ ಪಕ್ಕ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಜನ ಬರುತ್ತಾರೆ. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋದರೆ ಕೂಸುಗಳು ಕಬ್ಬಿನ ಸೋಗೆಯ ಮೇಲೇ ಮಲಗಿರುತ್ತವೆ. ಬರಿಗೈಯಲ್ಲಿ ಹೋಗಿ ಏನು ಬೇಕು ಎಂದು ಮೊದಲು ಕೇಳಿದೆವು. ಒಬ್ಬ ತಾಯಿ ನಾವು ತೋರಿಸಲು ಒಯ್ದಿದ್ದ ಕೌದಿಯ ಹಿಂಬದಿಯನ್ನು ತಿರುಗಿಸಿ ನೋಡಿ ಹೇಳಿದರು: ‘ಹೊಲಿಯಾಕ ನಮಗೂ ಬರ್ತೈತಿ ತಮ್ಮಾ, ಅರಿವಿ ಇಲ್ಲ. ಸ್ವಚ್ಛ ಅರಿವಿ, ದಾರ ತಂದು ಕೊಡ್ರಿ, ನಾವ ಹೊಲ್ಕೋತೀವಿ. ಕೂಸುಗಳಿಗಷ್ಟ ನೀವು ಹೊಲದ ತರ್ರಿ, ಚಳಿ ಭಾಳ ಐತಿ.’

ಮುಂದಿನ ಸಲ ಎರಡು ಚೀಲ ಒಗೆದ ಹತ್ತಿ ಸೀರೆ, ದಾರದ ಉಂಡೆ, ಸೂಜಿ ಮತ್ತು ಹನ್ನೊಂದು ಸಣ್ಣ ಕೌದಿ ಒಯ್ದೆವು. ಅವರು ನಮ್ಮನ್ನು ಬರಿಗೈಲಿ ಕಳಿಸಲಿಲ್ಲ. ಆಳಿಗೊಂದು ಕಬ್ಬಿನ ಜಲ್ಲೆ ಕೊಟ್ಟರು. ಕೊಟ್ಟಿದ್ದನ್ನು ಬೇಡ ಎನ್ನಲಿಲ್ಲ ನಾವು. ಕೊಡುವವರು ಯಾವಾಗಲೂ ನಾವೇ ಆಗಿರಬೇಕು ಎನ್ನುವುದೂ ಒಂದು ಅಹಂಕಾರ.

‘ಮುನ್ನೂರು ರೂಪಾಯಿಗೆ ಬ್ಲಾಂಕೆಟ್ ಸಿಗುವಾಗ ಇಷ್ಟು ಕಷ್ಟ ಯಾಕೆ?’ ಎಂದು ನೀವು ಕೇಳಬಹುದು. ನೆರೆ ಬಂದ ರಾತ್ರಿ ಯಾರೂ ಕೌದಿ ಹೊಲಿಯುತ್ತ ಕೂರಬಾರದು, ಸಿಕ್ಕ ಬ್ಲಾಂಕೆಟ್ ಕೊಂಡು ಒಯ್ಯಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅಗ್ಗದ ಬ್ಲಾಂಕೆಟ್ ಬಹುತೇಕ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ನೀರಿಗೆ ಸೇರುತ್ತವೆ. ಕೌದಿ ಹರಿದರೆ ತೇಪೆ ಹಾಕಬಹುದು, ಬ್ಲಾಂಕೆಟ್ ಹರಿದರೆ ತಿಪ್ಪೆ ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದುಡ್ಡು ಕೊಟ್ಟು ಬಂದವರು ಆ ಜನರನ್ನು ಮರುದಿನವೇ ಮರೆಯಬಹುದು. ಆರು ತಾಸು ಒಂದು ಕೂಸಿಗಾಗಿ ಹೊಲಿದವರು ಆ ಕೂಸು ಚಳಿಯಲ್ಲಿ ಯಾಕೆ ಮಲಗಿದೆ ಎಂದು ಯೋಚಿಸದೆ ಇರಲಾರರು.

ಎಲ್ಲವೂ ಸ್ಟಾರ್ಟ್‌ಅಪ್ ಆಗಬೇಕಿಲ್ಲ

ಮೂರನೆಯ ಪ್ರಶ್ನೆ ರೊಕ್ಕದ್ದು. ‘ಇನ್‌ಸ್ಟಾದಲ್ಲಿ ಪೇಜ್ ಮಾಡು, ಸ್ಟಾರ್ಟ್‌ಅಪ್ ಐಡಿಯಾ ಚೆನ್ನಾಗೈತಿ, ರೆಸ್ಯೂಮೆಯಲ್ಲಿ ಸೋಷಿಯಲ್ ವರ್ಕ್ ಅಂತ ಹಾಕು’ ಎಂದು ಸಲಹೆ ಕೊಡುವವರಿಗೆ ಲೆಕ್ಕವಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೆಲಸ ಸಿಗುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತು. ಮುಂದಿನ ವರ್ಷ ನಾನೂ ಅದೇ ಸಾಲಿನಲ್ಲಿ ನಿಲ್ಲುವವನು. ಹಾಗಾಗಿ ಸುಳ್ಳು ಹೇಳುವುದಿಲ್ಲ: ಕೌದಿ ಹೊಲಿದರೆ ಕೆಲಸ ಸಿಗುವುದಿಲ್ಲ.

ಆದರೆ ನಮ್ಮ ದಿನವನ್ನೊಮ್ಮೆ ನೋಡಿಕೊಳ್ಳಿ. ಮಾಡುವ ಪ್ರತಿಯೊಂದಕ್ಕೂ ಅಂಕ ಇದೆ, ರ‍್ಯಾಂಕ್ ಇದೆ, ಕಟ್‌ಆಫ್ ಇದೆ. ಕೋಡಿಂಗ್ ಆ್ಯಪ್ ಕೂಡ ಸ್ಕೋರ್ ತೋರಿಸುತ್ತದೆ. ಮೂರು ಕಂಪನಿಗಳಿಂದ ‘ನಾಟ್ ಸೆಲೆಕ್ಟೆಡ್’ ಎಂದು ಮೆಸೇಜ್ ಬಂದ ದಿನ ನಮ್ಮ ಸೀನಿಯರ್ ಒಬ್ಬರು ಬಂದು ನಮ್ಮ ಜೊತೆ ಕೂತು ಎರಡು ಸಾಲು ಹೊಲಿದು ಎದ್ದು ಹೋದರು. ‘ಇವತ್ತು ಇದೊಂದಾದರೂ ಮುಗೀತು ನೋಡು’ ಎಂದರು. ಯಾರೂ ಪಾಸು-ಫೇಲು ಮಾಡದ ಒಂದು ಕೆಲಸ ಮನುಷ್ಯನಿಗೆ ಬೇಕು. ಅದನ್ನೂ ರೆಸ್ಯೂಮೆಗೆ ತುರುಕಿದರೆ ಉಸಿರಾಡಲು ಉಳಿಯುವುದೇನು?

ಶುರು ಮಾಡುವುದು ಹೇಗೆ?

ದೊಡ್ಡ ಕೌದಿಗೆ ಕೈ ಹಾಕಬೇಡಿ. ಮೂರು ಅಡಿ ಉದ್ದ, ಎರಡು ಅಡಿ ಅಗಲದ ಸಣ್ಣದು ಸಾಕು. ಹೊಲಿಗೆಗೆ ನಾಲ್ಕೂವರೆ ತಾಸು, ಉಳಿದ ತಯಾರಿಗೆ ಒಂದೂವರೆ ತಾಸು. ದಿನಕ್ಕೊಂದು ತಾಸಿನಂತೆ ಒಂದು ವಾರದೊಳಗೆ ಮುಗಿಯುತ್ತದೆ. ಬೇಕಾಗುವುದು ದಪ್ಪ ಸೂಜಿ, ಗಟ್ಟಿ ಹತ್ತಿ ದಾರ, ಕತ್ತರಿ, ಸಾಲು ಎಳೆಯಲು ಸೀಮೆಸುಣ್ಣ. ಹತ್ತಿ ಬಟ್ಟೆಯನ್ನೇ ಆರಿಸಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಪದರಗಳನ್ನು ಸುಕ್ಕಿಲ್ಲದಂತೆ ಹಾಸಿ, ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಹಿಡಿಸಿಕೊಂಡು, ಆಮೇಲೆ ಸಾಲು ಹಿಡಿಯಿರಿ.

ಕೂಸುಗಳಿಗೆ ಹೊಲಿಯುವಾಗ ಗುಂಡಿ, ಚಮಕಿ, ಜರಿ ಅಂಚು ಬೇಡ. ಬಾಯಿಗೆ ಹೋಗುತ್ತದೆ, ಚುಚ್ಚುತ್ತದೆ. ಹಸುಗೂಸಿಗೆ ದಪ್ಪ ಕೌದಿ ಹೊದಿಸಿ ಮಲಗಿಸುವುದೂ ಒಳ್ಳೆಯದಲ್ಲ, ಮುಖ ಮುಚ್ಚಿದರೆ ಉಸಿರುಗಟ್ಟುವ ಅಪಾಯವಿದೆ. ತೆಳ್ಳಗೆ ಹೊಲಿಯಿರಿ, ಕೆಳಗೆ ಹಾಸಲು ಎಂದು ಹೇಳಿ ಕೊಡಿ. ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಕೊಡುವುದಾದರೆ ಮೊದಲು ಅಲ್ಲಿನ ಸಿಸ್ಟರನ್ನು, ಮೇಲ್ವಿಚಾರಕರನ್ನು ಕೇಳಿ. ಫೋಟೊ ತೆಗೆಯುವ ಚಟವನ್ನು ದಯವಿಟ್ಟು ಹೊರಗೆ ಬಿಟ್ಟು ಹೋಗಿ.

ಕಲಿಸುವವರು ಬೇಕೆಂದರೆ ಯೂಟ್ಯೂಬಿಗಿಂತ ಹತ್ತಿರದವರು ನಿಮ್ಮ ಮನೆಯಲ್ಲೇ ಇರಬಹುದು. ನನ್ನ ಅಜ್ಜಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ನಾನು ದಾರ ಪೋಣಿಸಿ ಕೊಟ್ಟರೆ ಬೆರಳಿನ ಅಂದಾಜಿನಲ್ಲೇ ನನಗಿಂತ ನೆಟ್ಟಗೆ ಸಾಲು ಹಿಡಿಯುತ್ತಾಳೆ. ನಮ್ಮೂರಿನಲ್ಲಿ ಅವಳಷ್ಟು ಚೆನ್ನಾಗಿ ಹೊಲಿಯಬಲ್ಲವರು ಈಗ ಮೂರೋ ನಾಲ್ಕೋ ಮಂದಿ. ಇನ್ನು ಹತ್ತು ವರ್ಷಕ್ಕೆ ಕೇಳಿ ಕಲಿಯೋಣ ಎಂದರೆ ಹೇಳುವವರು ಇರುವುದಿಲ್ಲ.

ಈ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಗಂಟೊಂದನ್ನು ಇಳಿಸಿ. ‘ಇದು ಯಾರ ಸೀರೆ?’ ಎಂದು ಮನೆಯ ಹಿರಿಯರನ್ನು ಕೇಳಿ. ಅವರ ಮಾತು ಮುಗಿಯುವಷ್ಟರಲ್ಲಿ ಮೊದಲ ಸಾಲಿನ ಹೊಲಿಗೆ ಆಗಿರುತ್ತದೆ.